ಪ್ರಾಜೆಕ್ಟ್ ಪಾಠ ಮತ್ತು ಮೆಚ್ಚಿನ ಹಬ್ಬ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಹಳೆಯ ದಿನಗಳನ್ನು ಬಲ್ಲ ಹಿರಿಯರು ತಮ್ಮ ನೆನಪುಗಳನ್ನು ಬರೆಯುತ್ತಿದ್ದಾರೆ. ಇಲ್ಲಿ ಓದಿದವನೂ, ಕಾಸರಗೋಡು ಜಿಲ್ಲೆಯ ಕನ್ನಡ ವಿಭಾಗದ ಅಧ್ಯಾಪಕ ತರಬೇತಿ ತರಗತಿಗಳಲ್ಲಿ ಹಲವು ವರ್ಷ ಪಾಠ ಹೇಳಿದವನೂ ಆದ ನಾನು ನೆನಪುಗಳ ಬದಲಿಗೆ ಒಂದು ಬೋಧನ ಕ್ರಮವನ್ನು ಕುರಿತು ಬರೆಯಬಯಸುತ್ತೇನೆ. ಮಕ್ಕಳು ಶಾಲೆಯಿಂದ ಬಂದು ‘ಪ್ರಾಜೆಕ್ಟ್ ಉಂಟು’ ಎಂದೊಡನೆ ಪೇಟೆಗೆ ಓಡಿ ಚಿತ್ರಪಟ ಕೊಂಡು ತರುವ ಪೋಷಕರಿಗೂ ಈ ವಿಚಾರ ಉಪಯುಕ್ತವಾದೀತು.

ಪ್ರಾಜೆಕ್ಟ್ ಎಂಬುದು ಚಿತ್ರ ಅಂಟಿಸಿದ ಪುಸ್ತಕವಲ್ಲ. ಜಾನ್ ಡ್ಯೂಯಿಯವರ ಶಿಷ್ಯರಾದ ಅಮೆರಿಕದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ಅವರು 1918ರಲ್ಲಿ ಈ ಪದ್ಧತಿಯನ್ನು ವಿವರಿಸುತ್ತಾ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ಉದ್ದೇಶವನ್ನು ತಾನೇ ಕಂಡುಕೊಳ್ಳುವುದು, ಯೋಜಿಸುವುದು, ನೆರವೇರಿಸುವುದು, ನೆರವೇರಿದ್ದನ್ನು ತೂಗಿ ನೋಡುವುದು. ಇವುಗಳಲ್ಲಿ ಮೊದಲನೆಯದೇ ಪ್ರಾಣ. ಉದ್ದೇಶ ಅಧ್ಯಾಪಕರದಾಗಿದ್ದರೆ ಮಗು ಮಾಡುವುದು ಕೂಲಿ. ನಮ್ಮಲ್ಲಿಯೂ ಇದು ಹೊಸ ಮಾತಲ್ಲ. ಗಾಂಧೀಜಿಯವರ 1937ರ ಮೂಲ ಶಿಕ್ಷಣ ಯೋಜನೆ ಕೈಕೆಲಸದ ಮೂಲಕವೇ ವಿದ್ಯೆಯನ್ನು ಕಲಿಸಬೇಕೆಂದಿತು. ನಮ್ಮ ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಪಾಠಪುಸ್ತಕದಿಂದ ಹೊರಗೆ ಕರೆದೊಯ್ಯುವ ಪ್ರಯೋಗಗಳನ್ನು ನಡೆಸಿದರು. ಕೇರಳದಲ್ಲಿ 1994ರಲ್ಲಿ ಡಿ.ಪಿ.ಇ.ಪಿ. ಆರಂಭವಾದಾಗ ಮೊದಲ ಹಂತಕ್ಕೆ ಸೇರಿದ ಜಿಲ್ಲೆಗಳು ವಯನಾಡು, ಮಲಪ್ಪುರಂ ಮತ್ತು ನಮ್ಮ ಕಾಸರಗೋಡು. ‘ಪ್ರಾಜೆಕ್ಟ್’ ಎಂಬ ಶಬ್ದ ನಮ್ಮ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ನೆಲೆಯೂರಿದ್ದು ಅಲ್ಲಿಂದೀಚೆಗೆ. ‘ಯೋಜನೆ’ ಎಂದು ಅನುವಾದಿಸಿದರೆ ಪಂಚಾಯತು ಕೊಡುವ ಸಹಾಯಧನವೆಂದು ಜನ ತಿಳಿಯುತ್ತಿದ್ದುದರಿಂದ ನಾನೂ ಪ್ರಾಜೆಕ್ಟ್ ಎಂದೇ ಬಳಸುತ್ತಾ ಬಂದೆ.

ನನ್ನ ತರಗತಿಯಲ್ಲಿ ಶುಕ್ರವಾರ ಅಪರಾಹ್ನ ಪ್ರಗತಿ ನಿವೇದನೆ ನಡೆಯುತ್ತಿತ್ತು. ಅಧ್ಯಾಪಕ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದುನಿಂತು ತಮ್ಮ ಪ್ರಾಜೆಕ್ಟ್ ಎಲ್ಲಿಗೆ ಬಂತೆಂಬುದನ್ನು ಹೇಳಬೇಕು. ‘ನಡೆಯುತ್ತಾ ಇದೆ ಸರ್’ ಎಂಬ ಉತ್ತರ ಸಲ್ಲದು. ಈ ವಾರ ಯಾರನ್ನು ಕಂಡಿರಿ, ಏನು ತಿಳಿಯಿತು, ಎಲ್ಲಿ ತಡೆಯಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಮಾತು ಬರಡಾಗದಿರಲೆಂದು ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದ್ದೆ: ನಿಮ್ಮ ಮೆಚ್ಚಿನ ಹಬ್ಬದ ರಜೆ ಯಾವುದು? ವರ್ಷಾರಂಭದಲ್ಲಿ ಪರಸ್ಪರ ಪರಿಚಯಕ್ಕೂ ಕನ್ನಡದಲ್ಲಿ ನಿಂತು ಮಾತನಾಡುವ ಅಭ್ಯಾಸಕ್ಕೂ ಇದು ಸಾಕೆಂದುಕೊಂಡಿದ್ದೆ. ಆದರೆ ಕೆಲವೇ ವಾರಗಳಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಬೆರೆತುಹೋದುವು.

ಅದಕ್ಕೆ ಕಾರಣವಾದದ್ದು ಕೆಡ್ಡಸ. ಪೆರ್ಲದ ಕಡೆಯ ಒಬ್ಬ ತರುಣ ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ತರಕಾರಿ ತೋಟದ ಪ್ರಾಜೆಕ್ಟ್ ಕೈಗೊಂಡಿದ್ದ. ಫೆಬ್ರವರಿ ಎರಡನೆಯ ವಾರದಲ್ಲಿ ನೆಲ ಅಗೆಯುವ ಕಾರ್ಯಕ್ರಮ. ಅಗೆಯಲು ನಿಂತಾಗ ಅರ್ಧದಷ್ಟು ಮಕ್ಕಳು ಹಾರೆ ಮುಟ್ಟಲಿಲ್ಲ. ‘ಅಜ್ಜಿ ಬೈತಾರೆ’ ಎಂದರು. ಮಕರ ಮಾಸದ ಕೊನೆಗೆ ಬರುವ ಆ ದಿನಗಳಲ್ಲಿ ಭೂಮಿತಾಯಿ ಋತುಮತಿಯಾಗಿರುತ್ತಾಳೆಂದು ತುಳುನಾಡಿನ ನಂಬಿಕೆ. ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿ ನನ್ನೇರಿ ಮಾಡುವರು. ಕೊನೆಯ ದಿನ ಮನೆಯ ಹೆಂಗಸರು ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ ಬಿಡುವರು. ಸರಕಾರದ ರಜೆಯ ಪಟ್ಟಿಯಲ್ಲಿ ಕೆಡ್ಡಸವಿಲ್ಲ.

ತರುಣ ಇದನ್ನು ‘ತಡೆ’ ಎಂಬ ಶೀರ್ಷಿಕೆಯಡಿ ವರದಿ ಮಾಡಿದ. ‘ತಿಳಿದದ್ದು’ ಎಂಬಲ್ಲಿಗೆ ಅದನ್ನು ಬರೆಯಬಾರದೇಕೆ ಎಂದು ಸಹಪಾಠಿಯೊಬ್ಬಳು ಕೇಳಿದಳು. ಮುಂದಿನ ವಾರ ಆತ ಮಕ್ಕಳನ್ನು ಮನೆಮನೆಗೆ ಕಳುಹಿಸಿ ಯಾವ ಬೀಜವನ್ನು ಯಾವ ಹಬ್ಬದ ಹಿಂದೆ ಮುಂದೆ ಬಿತ್ತುವರೆಂದು ಕೇಳಿಸಿದ. ಗದ್ದೆ ಮಾರಿದ ಮನೆಗಳಲ್ಲಿಯೂ ಅಜ್ಜಿಯರ ಬಾಯಲ್ಲಿ ಈ ಲೆಕ್ಕ ಉಳಿದಿತ್ತು. ತೋಟ ಹತ್ತು ದಿನ ತಡವಾಗಿ ಎದ್ದಿತು. ಅಲಸಂಡೆ ಚೆನ್ನಾಗಿ ಬಂತು, ಬೆಂಡೆಯನ್ನು ಹುಳು ತಿಂದಿತು. ಕಿಲ್‌ಪ್ಯಾಟ್ರಿಕ್ ಹೇಳಿದ ಮೊದಲ ಮೆಟ್ಟಿಲನ್ನು ಮಕ್ಕಳು ಏರಿದ್ದು ಹಾರೆ ಮುಟ್ಟದೆ ನಿಂತ ಆ ದಿನ ಎಂಬುದು ನನ್ನ ಅಭಿಪ್ರಾಯ.

ಓಣವನ್ನು ಮೆಚ್ಚಿದವರೇ ತರಗತಿಯಲ್ಲಿ ಹೆಚ್ಚು. ಹತ್ತು ದಿನಗಳ ರಜೆಯನ್ನು ಯಾರು ತಾನೆ ಮೆಚ್ಚರು! ಹೊಸದುರ್ಗದ ಕಡೆಯಿಂದ ಬಂದವಳೊಬ್ಬಳು ಅತ್ತಂ ದಿನದಿಂದ ಅಂಗಳದಲ್ಲಿ ಬರೆಯುವ ಪೂಕ್ಕಳಂನ ಹೂಗಳ ಹೆಸರನ್ನು ಸಂಗ್ರಹಿಸುತ್ತಿದ್ದಳು. ಮಂಜೇಶ್ವರದ ತುಳು ಮನೆಯ ಹುಡುಗನ ಮೆಚ್ಚಿನ ಹಬ್ಬ ದೀಪಾವಳಿ. ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ಹೂವಿನಿಂದ ಸಿಂಗರಿಸಿ, ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುವುದನ್ನು ಆತ ವಿವರಿಸಿದಾಗ ಅವಳು, ‘ನಮ್ಮಲ್ಲಿ ಬರುವವನೂ ಅವನೇ ಅಲ್ಲವೆ?’ ಎಂದಳು. ಹೌದು, ಅದೇ ಮಹಾಬಲಿ, ಅದೇ ವಾಮನನ ಕಥೆ. ಸಿಂಹ ಮಾಸದ ತಿರುವೋಣ ನಕ್ಷತ್ರದಂದು ಮಲಯಾಳ ಮನೆಗಳಿಗೆ ಬಂದವನು ಆಶ್ವಿನದ ಕೊನೆಗೆ ತುಳು, ಕನ್ನಡ ಮನೆಗಳಿಗೆ ಬರುತ್ತಾನೆ. ಜಿಲ್ಲೆಯ ದಕ್ಷಿಣದಲ್ಲಿ ದೀಪಾವಳಿಯಲ್ಲಿಯೂ ಪೊಲಿಯಂದ್ರಂ ಎಂಬ ಹೆಸರಿನಲ್ಲಿ ಅವನನ್ನು ಕರೆಯುವುದುಂಟು. ಒಬ್ಬನೇ ಅರಸನಿಗೆ ವರ್ಷಕ್ಕೆ ಎರಡು ಬಾರಿ ಬಾಗಿಲು ತೆರೆಯುವ ಜಿಲ್ಲೆ ನಮ್ಮದು. ಇಬ್ಬರೂ ಸೇರಿ ಒಂದೇ ಪ್ರಾಜೆಕ್ಟ್ ಮಾಡಿದರು. ಎರಡು ಭಾಷೆಗಳಲ್ಲಿ ಬರೆದರು.

ಉಪ್ಪಳದ ಉರ್ದು ಮನೆಮಾತಿನ ವಿದ್ಯಾರ್ಥಿನಿ ಆರಿಸಿಕೊಂಡದ್ದು ಪೆರ್ನಾಲ್ ಹಬ್ಬದ ಮುನ್ನಾದಿನ. ಚಂದ್ರ ಕಂಡನೆಂಬ ಸುದ್ದಿಗಾಗಿ ಕಾಯುವ ಸಂಜೆಯೇ ಹಬ್ಬಕ್ಕಿಂತ ಸೊಗಸು ಎಂದಳು. ಅವಳ ಐದನೆಯ ತರಗತಿಯ ಮಕ್ಕಳು ಒಂದು ತಿಂಗಳ ಕಾಲ ಪ್ರತಿ ರಾತ್ರಿ ಚಂದ್ರನ ಆಕಾರವನ್ನು ಚಿತ್ರಿಸಿದರು. ಮೋಡ ಕವಿದ ರಾತ್ರಿಗಳಲ್ಲಿ ‘ಕಾಣಲಿಲ್ಲ’ ಎಂದೇ ಬರೆಯಬೇಕೆಂಬ ಅವಳ ಕಟ್ಟುನಿಟ್ಟು ನನಗೆ ಬಹಳ ಹಿಡಿಸಿತು. ಹಬ್ಬಗಳ ದಿನಾಂಕಗಳನ್ನು ಹಳೆಯ ಕ್ಯಾಲೆಂಡರುಗಳಿಂದ ತೆಗೆದು ಸಾಲಾಗಿ ಬರೆದಾಗ ಮಕ್ಕಳು ತಾವೇ ಮೂರು ಬಗೆಯನ್ನು ಗುರುತಿಸಿದರು. ಬಿಸು ಸೂರ್ಯನ ಲೆಕ್ಕದ ಹಬ್ಬ. ಏಪ್ರಿಲ್ ಮಧ್ಯವನ್ನು ಬಿಟ್ಟು ಕದಲುವುದಿಲ್ಲ. ದೀಪಾವಳಿ ಚಂದ್ರನ ತಿಥಿಯದಾದರೂ ಅಕ್ಟೋಬರ್–ನವೆಂಬರಿನೊಳಗೇ ಆಡುತ್ತದೆ. ಪೆರ್ನಾಲ್ ಮಾತ್ರ ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತದೆ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ, ಸೌರವರ್ಷಕ್ಕೆ 365. ಪಂಚಾಂಗದವರು ಸುಮಾರು 33 ತಿಂಗಳಿಗೊಮ್ಮೆ ಅಧಿಕ ಮಾಸವನ್ನು ಸೇರಿಸಿ ಈ ಅಂತರವನ್ನು ತುಂಬುವರು. ಇಸ್ಲಾಮೀ ವರ್ಷದಲ್ಲಿ ಹಾಗೆ ಸೇರಿಸುವ ಪದ್ಧತಿಯಿಲ್ಲ. ಐದನೆಯ ತರಗತಿಗೆ ಇದು ದೊಡ್ಡ ಪಾಠವೇ. ಆದರೆ ‘ನಮ್ಮ ಹಬ್ಬ ಈ ಸಲ ಮಳೆಗಾಲದಲ್ಲಿ ಯಾಕೆ ಬಂತು?’ ಎಂಬ ಪ್ರಶ್ನೆ ಮಗುವಿನದೇ ಆದಾಗ ಲೆಕ್ಕ ಭಾರವಾಗುವುದಿಲ್ಲ.

ಉಳಿದವರ ಮಾತುಗಳನ್ನು ಸಂಕ್ಷೇಪಿಸುವೆ. ಬೇಳದ ಕೊಂಕಣಿ ಕ್ರೈಸ್ತ ಹುಡುಗಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಒಂಬತ್ತು ದಿನ ಹೂ ಒಯ್ದು, ಹೊಸ ತೆನೆಯನ್ನು ಮನೆಗೆ ತಂದು, ಮನೆಯವರೆಲ್ಲ ಕೂಡಿ ಉಣ್ಣುವ ಸಸ್ಯಾಹಾರದ ಊಟ. ಹವ್ಯಕ ಮನೆಯ ಹುಡುಗ ಅದನ್ನು ಕೇಳಿ ತಮ್ಮ ಹೊಸ ಅಕ್ಕಿಯ ಊಟವನ್ನು ನೆನೆದ. ಯಕ್ಷಗಾನದ ಗೀಳಿನವನೊಬ್ಬ ಮೇ ಕೊನೆಯ ವಾರದ ಪತ್ತನಾಜೆಯನ್ನು ಹೆಸರಿಸಿದ. ಮೇಳಗಳು ಗೆಜ್ಜೆ ಬಿಚ್ಚುವ ದಿನ ಮೆಚ್ಚಿನದು ಹೇಗಾದೀತೆಂದು ಎಲ್ಲರೂ ನಕ್ಕರು. ನವೆಂಬರ್ 1ನ್ನು ಯಾರೂ ಹೇಳಲಿಲ್ಲ. 1956ರ ಆ ದಿನ ಕರ್ನಾಟಕಕ್ಕೆ ರಾಜ್ಯೋತ್ಸವವಾಯಿತು, ಕೇರಳಕ್ಕೆ ಪಿರವಿಯಾಯಿತು, ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟಿತು. ನಮ್ಮ ಹಿರಿಯರಿಗೆ ಅದು ಹಬ್ಬವೋ ಅಲ್ಲವೋ ಎಂಬುದನ್ನು ಇಪ್ಪತ್ತರ ಹರೆಯದವರಿಂದ ಕೇಳಬೇಕಾಗಿಲ್ಲ.

ಈ ಸಂಗ್ರಹ ಕಾಲಕ್ಷೇಪವಲ್ಲವೆಂಬುದಕ್ಕೆ ಒಂದು ಕಾರಣವುಂಟು. ನಮ್ಮ ಕನ್ನಡ ಮಾಧ್ಯಮದ ಪಾಠಪುಸ್ತಕಗಳಲ್ಲಿ ಬಹುಪಾಲು ಮಲಯಾಳದಿಂದ ಅನುವಾದವಾದವು. ಅವುಗಳಲ್ಲಿ ಓಣವಿದೆ, ವಿಷುವಿದೆ. ಗಡಿಯಾಚೆಯಿಂದ ತರಿಸಿದ ಕಥೆಪುಸ್ತಕಗಳಲ್ಲಿ ಮೈಸೂರು ದಸರೆಯಿದೆ, ಯುಗಾದಿಯ ಬೇವುಬೆಲ್ಲವಿದೆ. ಕೆಡ್ಡಸ ಎರಡರಲ್ಲಿಯೂ ಇಲ್ಲ. ಆ ಕೊರತೆಯನ್ನು ತುಂಬಬೇಕಾದವರು ಅಧ್ಯಾಪಕರು. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಪೋಷಕರು ಮತ್ತೆ ಮತ್ತೆ ಪ್ರತಿಭಟಿಸಿದ್ದು ವ್ಯಾಕರಣಕ್ಕಾಗಿ ಮಾತ್ರವಲ್ಲ. ‘ನಿನ್ನೆ ಯಾಕೆ ಬರಲಿಲ್ಲ?’ ಎಂಬುದಕ್ಕೆ ಮಗು ‘ಕೆಡ್ಡಸ’ ಎಂದಾಗ ಆ ಶಬ್ದವನ್ನು ತಿಳಿಯದವರಿಗೆ ಅದು ಉತ್ತರವೇ ಅಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಗೈರು ಮಾತ್ರ. ಒಂದೆರಡು ಸಲ ಹೀಗಾದರೆ ಮಗು ಮೂರನೆಯ ಸಲ ‘ಜ್ವರ’ ಎನ್ನಲು ಕಲಿಯುತ್ತದೆ.

ಸಪ್ತಭಾಷೆಗಳ ನೆಲವೆಂದು ವೇದಿಕೆಯ ಮೇಲೆ ಹೇಳಿಕೊಳ್ಳುವ ನಮ್ಮಲ್ಲಿ ಅಧ್ಯಾಪಕ ವಿದ್ಯಾರ್ಥಿಗಳು ಸಿದ್ಧಪಡಿಸಿದ ಹಬ್ಬಗಳ ಪಟ್ಟಿ ಇನ್ನೂ ಅಪೂರ್ಣ. ದಿನ, ಮನೆಮಾತಿನ ಹೆಸರು, ಅಡಿಗೆ, ಅಂದು ಮಾಡಬಾರದ ಕೆಲಸ, ಹೇಳಿದವರ ವಯಸ್ಸು ಎಂದು ಐದು ಕಲಮುಗಳಿವೆ. ಕೊರಗ ಮತ್ತು ಮರಾಟಿ ಮನೆಗಳ ಸಾಲುಗಳು ಬಹುತೇಕ ಖಾಲಿಯಾಗಿವೆ. ‘ಮಾಡಬಾರದ ಕೆಲಸ’ ಎಂಬ ಕಲಮಿಗೆ ಎಂಬತ್ತು ದಾಟಿದವರಿಂದ ದೊರೆತಷ್ಟು ವಿವರ ಅವರ ಮಕ್ಕಳಿಂದ ದೊರೆತಿಲ್ಲ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಹಿರಿಯರಿದ್ದರೆ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ತಿದ್ದದೆ, ಒಂದು ಹಾಳೆಯಲ್ಲಿ ಬರೆದು ಶಾಲೆಯ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇನೆ. ತುಳು, ಕೊಂಕಣಿ, ಬ್ಯಾರಿ, ಮರಾಠಿ ಯಾವುದೇ ಇರಲಿ, ಕನ್ನಡ ಲಿಪಿಯಲ್ಲಿ ಬರೆದರೆ ಸಾಕು.