ಗದ್ದೆಯ ಓಟ, ಟ್ರ್ಯಾಕ್‌ನ ಓಟ: ಆಟ ಬದಲಿಸುವುದರ ಲೆಕ್ಕ

ಕೊನೆ ಕೊಯ್ಲಿನ ದಿನ ಸೋಂದೆ, ಸ್ವರ್ಣವಲ್ಲಿ ಕಡೆಯ ತೋಟದಲ್ಲಿ ನಿಂತು ನೋಡಿದವರಿಗೆ ಕೊನೆಗೌಡರ ಚಾಕಚಕ್ಯತೆ ಗೊತ್ತಿರುತ್ತದೆ. ಒಂದು ಮರದ ಕೊನೆ ಇಳಿಸಿ, ನೆಲಕ್ಕೆ ಇಳಿಯದೇ ಪಕ್ಕದ ಮರಕ್ಕೆ ದಾಟಿಬಿಡುತ್ತಾರೆ. "ಇವರನ್ನ ಒಲಿಂಪಿಕ್ಸಿಗೆ ಕಳಿಸಬೇಕು ಮಾರಾಯ" ಅಂತ ಕೆಳಗೆ ನಿಂತವರು ಹೇಳುವುದೂ ಮಾಮೂಲು. 15 ಮೀಟರ್ ಗೋಡೆ ಹತ್ತುವ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿ ನಿಜಕ್ಕೂ ಇದೆ. ಆದರೆ ಅಡಿಕೆ ಮರ ಹತ್ತಿದವರು ಆ ಗೋಡೆಯನ್ನೂ ಅಷ್ಟೇ ಸಲೀಸಾಗಿ ಹತ್ತುತ್ತಾರಾ? ಒಂದು ಕಡೆ ಕಲಿತ ವಿದ್ಯೆ ಇನ್ನೊಂದು ಕಡೆಗೆ ಎಷ್ಟು ದಾಟುತ್ತದೆ? ಇಬ್ಬರು ಓಟಗಾರರ ಕಥೆಯಿಂದ ಇದನ್ನು ನೋಡೋಣ. ಒಬ್ಬರು ಆಟ ಬದಲಿಸಲು ಒಪ್ಪಲಿಲ್ಲ, ಇನ್ನೊಬ್ಬರು ಬದಲಿಸಿ ವಾಪಸ್ ಬಂದರು.

ಘಟ್ಟದ ಕೆಳಗಿನ ಓಟ

2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಮೂಡಬಿದಿರೆ ಕಡೆಯ ಶ್ರೀನಿವಾಸ ಗೌಡ ತಮ್ಮ ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು: 9.55 ಸೆಕೆಂಡು! ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ದೇಶವೆಲ್ಲ ಕುಣಿಯಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ಟ್ರಯಲ್ಸಿಗೆ ಕರೆದರು. ಗೌಡರು ಹೋಗಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಬಳಕೆ, ಟ್ರ್ಯಾಕ್‌ನಲ್ಲಿ ಬೆರಳ ತುದಿಯದು. ಮೇಲಾಗಿ ಕಂಬಳದಲ್ಲಿ ಕೋಣಗಳ ಪಾಲೂ ಇದೆ ಎಂಬ ಅರ್ಥದಲ್ಲಿ ಉತ್ತರ ಕೊಟ್ಟರು. ಕಟ್ಟಡ ಕೆಲಸ ಮಾಡುತ್ತಿದ್ದ ಆ ಮನುಷ್ಯ ಹೇಳಿದ್ದು ಅಪ್ಪಟ ಮೆಕ್ಯಾನಿಕ್ಸ್.

ಲೆಕ್ಕದಲ್ಲಿ ತಪ್ಪಿದ್ದೆಲ್ಲಿ?

142.5 ಭಾಗಿಸು 13.62 ಅಂದರೆ ಸೆಕೆಂಡಿಗೆ ಸುಮಾರು 10.46 ಮೀಟರ್. ಇದು ಸರಾಸರಿ ವೇಗ. ಯಾವ ಓಟದಲ್ಲೂ ಮೊದಲ ಹೆಜ್ಜೆಗಳು ನಿಧಾನ. ಓಟ ಉದ್ದವಾದಷ್ಟು ಆ ನಷ್ಟ ಹೆಚ್ಚು ಮೀಟರಿಗೆ ಹಂಚಿಹೋಗುತ್ತದೆ. ಬರ್ಲಿನ್‌ನಲ್ಲಿ ಬೋಲ್ಟ್ 60ರಿಂದ 80ನೇ ಮೀಟರ್‌ವರೆಗಿನ ದೂರವನ್ನು 1.61 ಸೆಕೆಂಡಿನಲ್ಲಿ ದಾಟಿದ್ದರು, ಅಂದರೆ ಸೆಕೆಂಡಿಗೆ ಸುಮಾರು 12.4 ಮೀಟರ್. ಹಾಗಾಗಿ ಬೇರೆ ಬೇರೆ ದೂರದ ಸರಾಸರಿಗಳನ್ನು ತ್ರೈರಾಶಿ ಹಾಕಿ ಹೋಲಿಸುವುದು ಸರಿಯಲ್ಲ.

ಎರಡನೆಯದು ಬಲದ ಲೆಕ್ಕ. ಟ್ರ್ಯಾಕ್‌ನಲ್ಲಿ ಓಟಗಾರನನ್ನು ಮುಂದಕ್ಕೆ ತಳ್ಳುವುದು ಅವನ ಕಾಲು ನೆಲವನ್ನು ಹಿಂದಕ್ಕೆ ಒದ್ದಾಗ ಸಿಗುವ ಪ್ರತಿಕ್ರಿಯೆ ಮಾತ್ರ. ಕಂಬಳದಲ್ಲಿ ಅದರ ಜೊತೆಗೆ ಕೋಣಗಳ ಎಳೆತವೂ ಸೇರುತ್ತದೆ. ಆದರೆ ಕೆಸರು ನೀರಿನಲ್ಲಿ, ಕೋಣಗಳ ಆ ವೇಗಕ್ಕೆ ಬೀಳದೇ ಹೆಜ್ಜೆ ಹೊಂದಿಸುವುದು ಬೋಲ್ಟ್‌ಗೂ ಗೊತ್ತಿಲ್ಲದ ವಿದ್ಯೆ! ಮನುಷ್ಯ, ಕೋಣ, ಕೆಸರು ಸೇರಿದ ಒಂದು ಸಿಸ್ಟಮ್ ಅದು. ಅದರಿಂದ ಒಂದು ಭಾಗ ಕಿತ್ತು ಬೇರೆ ಸಿಸ್ಟಮ್‌ಗೆ ಜೋಡಿಸಿದರೆ ಅದೇ ಔಟ್‌ಪುಟ್ ಬರಬೇಕು ಅಂತೇನಿಲ್ಲ.

ವೇಲ್ಸ್‌ನ ವಿಂಗರ್

ಹಾಗಾದರೆ ಬದಲಿಸಿದವರ ಗತಿ? ರಗ್ಬಿ 1895ರಲ್ಲಿ ಇಂಗ್ಲೆಂಡಿನಲ್ಲಿ ಎರಡಾಗಿ ಒಡೆಯಿತು. ಈಗ ಯೂನಿಯನ್‌ನಲ್ಲಿ ತಂಡಕ್ಕೆ 15 ಜನ, ಲೀಗ್‌ನಲ್ಲಿ 13. ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು 'ಕೋಡ್' ಬದಲಿಸುವುದು ಅನ್ನುತ್ತಾರೆ. ಮೈದಾನದ ಅಂಚಿನಲ್ಲಿ ನಿಂತು, ಚೆಂಡು ಸಿಕ್ಕೊಡನೆ ಗೆರೆಯತ್ತ ನುಗ್ಗುವ ವೇಗಿಯೇ ವಿಂಗರ್. ವೇಲ್ಸ್‌ನ ಲೂಯಿಸ್ ರೀಸ್-ಜಾಮಿಟ್ ಅಂಥವರು. 2024ರ ಜನವರಿ 16ರಂದು, ವೇಲ್ಸ್ ತಂಡ ಪ್ರಕಟವಾಗುವ ದಿನವೇ, ರಗ್ಬಿ ಬಿಟ್ಟು ಅಮೆರಿಕನ್ ಫುಟ್‌ಬಾಲ್ ಆಡಲು ಹೋಗುತ್ತೇನೆ ಎಂದರು. ಆಗ ಅವರಿಗೆ 23 ಕೂಡ ತುಂಬಿರಲಿಲ್ಲ.

ವೇಗವೇನೋ ಜೊತೆಗೇ ಹೋಯಿತು. 40 ಗಜದ ಪರೀಕ್ಷೆಯಲ್ಲಿ 4.43 ಸೆಕೆಂಡು ಓಡಿದರು, ಕಾನ್ಸಾಸ್ ಸಿಟಿ ಚೀಫ್ಸ್ ತಂಡ ಸೇರಿಸಿಕೊಂಡಿತು. ಆದರೆ ಬುದ್ಧಿಗೆ ಹತ್ತಿದ ಆಟವೇ ಬೇರೆ. ರಗ್ಬಿಯಲ್ಲಿ ಚೆಂಡಿಲ್ಲದ ಎದುರಾಳಿಯನ್ನು ತಡೆದರೆ ತಪ್ಪು. ಅಲ್ಲಿ ಅದೇ ಅರ್ಧ ಕೆಲಸ. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಅಲ್ಲಿ ಎಸೆಯಬಹುದು, ಯಾರು ಯಾವ ದಾರಿ ಹಿಡಿಯಬೇಕೆಂಬುದೂ ಮೊದಲೇ ಬಾಯಿಪಾಠ ಆಗಿರಬೇಕು. ಆಗಸ್ಟ್ ಕೊನೆಗೆ ಚೀಫ್ಸ್ ಕೈಬಿಟ್ಟಿತು, ಜಾಕ್ಸನ್‌ವಿಲ್ ಜಾಗ್ವಾರ್ಸ್ ಅಭ್ಯಾಸದ ತಂಡಕ್ಕೆ ತೆಗೆದುಕೊಂಡಿತು. ಲೀಗ್‌ನ ಒಂದು ಪಂದ್ಯವನ್ನೂ ಆಡದೆ 2025ರಲ್ಲಿ ರಗ್ಬಿಗೆ ಮರಳಿ ಬ್ರಿಸ್ಟಲ್ ಬೇರ್ಸ್ ಸೇರಿದರು, ಮತ್ತೆ ವೇಲ್ಸ್ ಪರ ಆಡಿದರು.

ನಮ್ಮ ಲೆಕ್ಕ

ಮೆಕ್ಯಾನಿಕಲ್, ಸಿವಿಲ್ ಓದಿ ಸಾಫ್ಟ್‌ವೇರ್ ಕೆಲಸಕ್ಕೆ, ಶಿರಸಿ ಬಿಟ್ಟು ಹೊರದೇಶಕ್ಕೆ ಹೊರಡುವ ನಾವೂ ಕೋಡ್ ಬದಲಿಸುವವರೇ, ಅಲ್ವಾ? ಹೊರಡುವ ಮೊದಲು ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆಯಿರಿ: ನನ್ನ ಜೊತೆಗೇ ಬರುವುದು ಯಾವುದು, ಇಲ್ಲಿನ ಕೋಣಗಳು ಎಳೆದುಕೊಟ್ಟದ್ದು ಯಾವುದು, ಅಲ್ಲಿ ಹೊಸದಾಗಿ ಕಲಿಯಬೇಕಾದ್ದು ಯಾವುದು. ಎರಡನೇ ಪಟ್ಟಿಯನ್ನೇ ನಾವು ಮರೆಯುವುದು: ಅರ್ಥವಾಗದಿದ್ದಾಗ ಮತ್ತೊಮ್ಮೆ ಹೇಳಿಕೊಟ್ಟ ಗೆಳೆಯ, ಹಾಸ್ಟೆಲ್ ಊಟ, ಮನೆಯವರ ಒಂದು ಫೋನು. ಪಟ್ಟಿ ನೋಡಿ "ಹೋಗ್ತೇನೆ" ಅಂದರೂ ಸರಿ, ಗೌಡರ ಹಾಗೆ "ಬೇಡ" ಅಂದರೂ ಸರಿ. ಹೋಗಿ ವಾಪಸ್ ಬಂದರೂ ಮರ್ಯಾದೆ ಹೋಗುವುದಿಲ್ಲ.

ಮುಂದಿನ ಕೊಯ್ಲಿಗೆ ಊರಿಗೆ ಹೋದಾಗ ಕೊನೆಗೌಡರನ್ನೇ ಒಮ್ಮೆ ಕೇಳಿ ನೋಡಿ: ಮರ ಬಾಗದೇ ಇದ್ದರೆ ದಾಟಲಿಕ್ಕೆ ಆಗ್ತದಾ?