ದುಭಾಷಿಯ ಆಯ್ಕೆ

ಒಂದೇ ಗಣಕಯಂತ್ರದಲ್ಲಿ ಒಂದೇ ಭಾಷೆಯ ಹಲವು ಇಂಟರ್‌ಪ್ರಿಟರುಗಳು ನೆಲೆಸಿರುವುದುಂಟು. ಇಂಟರ್‌ಪ್ರಿಟರ್ ಎಂದರೆ ದುಭಾಷಿ: ನಾವು ಬರೆದ ಪ್ರೋಗ್ರಾಮನ್ನು ಓದಿ, ಅದರಂತೆ ಯಂತ್ರವನ್ನು ನಡೆಯಿಸುವ ತಂತ್ರಾಂಶ. ಇವುಗಳಲ್ಲಿ ಯಾವುದಾದರೂ ಆದೀತೆಂದು ಭಾವಿಸುವುದು ಸರಿಯೆ?

ಪೈಥಾನ್ ಭಾಷೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. 7/2 ಎಂಬ ಲೆಕ್ಕಕ್ಕೆ ಪೈಥಾನ್ 2 ಕೊಡುವ ಉತ್ತರ 3. 2008ರಲ್ಲಿ ಹೊರಬಂದ ಪೈಥಾನ್ 3 ಕೊಡುವ ಉತ್ತರ 3.5. ಬರೆದ ವಾಕ್ಯವೊಂದೇ, ಫಲ ಬೇರೆ. ತಪ್ಪಿನ ಸೂಚನೆಯಾದರೂ ಬರುವುದಿಲ್ಲ. ಪೈಥಾನ್ 2ರ ಪೋಷಣೆ 2020ರ ಜನವರಿ 1ರಂದು ನಿಂತಿತಾದರೂ, ಹಳೆಯ ಯಂತ್ರಗಳಲ್ಲಿ ಅದು ಉಳಿದಿರಬಹುದು.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ತಂತ್ರಾಂಶವೊಂದನ್ನು ಅದರ ಮೂಲಪಾಠದಿಂದ ಕಟ್ಟುವ ಮೊದಲು, ಅನೇಕ ವೇಳೆ ‘ಕಾನ್ಫಿಗರ್’ ಎಂಬ ಪ್ರೋಗ್ರಾಮು ಯಂತ್ರವನ್ನು ಪರೀಕ್ಷಿಸುತ್ತದೆ. ‘ಪಾತ್’ ಎಂಬ ಪಟ್ಟಿಯಲ್ಲಿ ಹುಡುಕಬೇಕಾದ ಫೋಲ್ಡರುಗಳ ಹೆಸರುಗಳು ಸಾಲಾಗಿರುತ್ತವೆ. ಹುಡುಕಾಟವು ಮೊದಲ ಫೋಲ್ಡರಿನಿಂದ ಹೊರಟು, ಬೇಕಾದ ಹೆಸರು ದೊರೆತೊಡನೆ ಸಾಮಾನ್ಯವಾಗಿ ನಿಂತುಬಿಡುತ್ತದೆ. ಆದುದರಿಂದ ಆಯ್ಕೆಯಾದುದು ಹೊಸದೆಂದಾಗಲಿ ಉತ್ತಮವೆಂದಾಗಲಿ ತಿಳಿಯಬಾರದು. ಅದು ಮೊದಲು ಎದುರಾದುದು, ಅಷ್ಟೆ.

ಈ ಆಯ್ಕೆ ಕಟ್ಟಡದ ಅಸ್ತಿಭಾರವಿದ್ದಂತೆ. ಸಿ ಭಾಷೆಯಲ್ಲಿ ಬರೆದ ಪೈಥಾನ್ ಘಟಕವನ್ನು ಕಟ್ಟುವಾಗ, ಆಯ್ದ ಆವೃತ್ತಿಗೆ ಸೇರಿದ ಹೆಡರ್ ಕಡತಗಳೇ ಬೇಕು. 3.11ಕ್ಕೆಂದು ಕಟ್ಟಿದ ಘಟಕವನ್ನು 3.12 ಸಾಮಾನ್ಯವಾಗಿ ಸ್ವೀಕರಿಸದು. ಕಟ್ಟುವ ಕಾರ್ಯ ಸುಸೂತ್ರವಾಗಿ ಮುಗಿದು, ಬಳಸುವ ಹೊತ್ತಿಗೆ ‘ಘಟಕ ಕಾಣದು’ ಎಂಬ ದೂರು ಬರುವುದು ಹೀಗೆ. ಇನ್ನೊಂದು ಮಾತು: ಆವೃತ್ತಿಯ ಸಂಖ್ಯೆ ದಶಮಾಂಶವಲ್ಲ. 3.10 ಎಂಬುದು 3.9ಕ್ಕಿಂತ ಹೊಸದು.

ಪರಿಹಾರ ಸುಲಭವಾಗಿದೆ. ಕಾನ್ಫಿಗರನ್ನು ನಡೆಯಿಸುವಾಗಲೇ ‘ಪೈಥಾನ್’ ಎಂಬ ಚರಕ್ಕೆ ಬೇಕಾದ ಇಂಟರ್‌ಪ್ರಿಟರಿನ ಪೂರ್ಣ ವಿಳಾಸವನ್ನು ಕೊಡಬಹುದು. ಬಹಳ ತಂತ್ರಾಂಶಗಳು ಇದನ್ನು ಮನ್ನಿಸುತ್ತವೆ. ಬಳಿಕ ಅದು ಮುದ್ರಿಸುವ ವರದಿಯಲ್ಲಿ ಆಯ್ಕೆಯಾದ ಆವೃತ್ತಿಯನ್ನು ಓದಿ ನೋಡಬೇಕು. ಆಯ್ಕೆಯನ್ನು ಬದಲಿಸಿದರೆ, ಹಿಂದೆ ಕಟ್ಟಿದ ಭಾಗಗಳನ್ನು ಅಳಿಸಿ ಮೊದಲಿನಿಂದ ಕಟ್ಟುವುದು ಕ್ಷೇಮ.

ಬೇಡವೆಂದು ತೋರಿದ ಇಂಟರ್‌ಪ್ರಿಟರನ್ನು ಕಿತ್ತೊಗೆಯುವ ಆತುರ ಮಾತ್ರ ಸಲ್ಲದು. ಲಿನಕ್ಸ್ ವ್ಯವಸ್ಥೆಗಳಲ್ಲಿ ಅನೇಕವು ತಮ್ಮ ಸ್ವಂತ ಕಾರ್ಯಗಳಿಗೂ ಪೈಥಾನನ್ನೇ ಅವಲಂಬಿಸಿವೆ. ಹಲವು ದುಭಾಷಿಗಳು ಒಂದೆಡೆ ಇರುವುದರಿಂದ ಕೇಡಿಲ್ಲ. ಯಾರನ್ನು ಕರೆಯುತ್ತಿದ್ದೇವೆಂಬುದನ್ನು ಹೆಸರಿಟ್ಟು ಹೇಳಬೇಕು.