ಬೆಂಕಿಗುಡ್ಡ ಸಿಡಿಯೋದು ಹೇಗೆ? ಮಕ್ಕಳಿಗೆ ಹೀಗೆ ಹೇಳಿ

ಟೀವಿಯಲ್ಲಿ ಬೆಂಕಿಗುಡ್ಡ ನೋಡಿದ ಮಕ್ಕಳು ಕೇಳ್ತವೆ: “ಅಜ್ಜಾ, ನಮ್ಮ ಗುಡ್ಡಾನೂ ಹಿಂಗೆ ಸಿಡೀತೈತಾ?” ಸುಮ್ಮನಿರು ಅಂತ ಗದರಬೇಡಿ. ಹೇಳಿಕೊಡೋದು ಕಷ್ಟವೇನಲ್ಲ.

ಕಲ್ಲು ಕರಗೋದು: ಭೂಮಿಯಲ್ಲಿ ಆಳಕ್ಕೆ ಹೋದಷ್ಟೂ ಕಾವು ಹೆಚ್ಚು. ಆದರೆ ಮೇಲಿನ ಭಾರ ಒತ್ತಿ ಹಿಡಿದಿರೋದರಿಂದ ಅಲ್ಲಿನ ಕಲ್ಲು ಸುಲಭಕ್ಕೆ ಕರಗೋದಿಲ್ಲ. ಆ ಬಿಸಿ ಕಲ್ಲು ನಿಧಾನವಾಗಿ ಮೇಲಕ್ಕೆ ಬಂದಾಗ ಒತ್ತಡ ಇಳಿದು ಸ್ವಲ್ಪ ಕರಗುತ್ತದೆ. ಇದೇ ಶಿಲಾರಸ. ಸುತ್ತಲಿನ ಕಲ್ಲಿಗಿಂತ ಹಗುರ, ಹಾಗಾಗಿ ಬಿರುಕು ಹಿಡಿದು ಮೇಲೇರುತ್ತದೆ.

ಸಿಡಿಯೋದು: ಶಿಲಾರಸದಲ್ಲಿ ನೀರಾವಿ, ಅನಿಲ ಬೆರೆತಿರುತ್ತವೆ. ಗೋಲಿ ಸೋಡಾ ನೆನೆಸಿಕೊಳ್ಳಿ. ಗೋಲಿ ಒತ್ತಿದ ಕೂಡಲೇ ಗಾಳಿ ಗುಳ್ಳೆಯಾಗಿ ನೊರೆ ಉಕ್ಕುತ್ತದಲ್ಲ, ಅದೇ ಲೆಕ್ಕ. ರಸ ಎಳೆ ಪಾಕದಂತೆ ತೆಳುವಾಗಿದ್ದರೆ ಗಾಳಿ ಸಲೀಸಾಗಿ ಹೊರಬೀಳುತ್ತದೆ, ಲಾವಾರಸ ಹರಿಯುತ್ತದೆ. ಗಟ್ಟಿ ಪಾಕದಂತಿದ್ದರೆ ಗಾಳಿ ಸಿಕ್ಕಿಕೊಂಡು ಗುಡ್ಡವನ್ನೇ ಒಡೆದು ಸಿಡಿಯುತ್ತದೆ. ಹೊಗೆಯಂತೆ ಕಾಣೋದು ಸುಟ್ಟ ಬೂದಿಯಲ್ಲ, ಕಲ್ಲಿನ ಪುಡಿ ಮತ್ತು ಆವಿ.

ನಮ್ಮ ಪಕ್ಕದಲ್ಲೇ ಗುರುತು: ಸೊಕ್ಕೆಯ ನಮಗೆ ಚಿತ್ರದುರ್ಗ ದೂರವೇನಲ್ಲ. ಆ ಜಿಲ್ಲೆಯ ಮರಡಿಹಳ್ಳಿ ಹತ್ತಿರ ದಿಂಬು ಜೋಡಿಸಿಟ್ಟಂಥ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ಅಲ್ಲಿ ನೀರಿನಡಿ ಲಾವಾ ಉಕ್ಕಿತ್ತು. ಎಣ್ಣೆಗೆ ಬಿಟ್ಟ ಬೋಂಡದ ಹಾಗೆ ಹೊರಗೆ ಗಟ್ಟಿ, ಒಳಗೆ ಮೆದು. ಇಲ್ಲಿ ತಣ್ಣೀರು ತಾಗಿ ಗಟ್ಟಿಯಾಯಿತು, ಅಷ್ಟೇ ಭೇದ. ಸಿಪ್ಪೆ ಒಡೆದು ಒಳಗಿನ ರಸ ಬಂದು ಇನ್ನೊಂದು ದಿಂಬಾಯಿತು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳನ್ನು ಕರೆದೊಯ್ದು ತೋರಿಸಿ, ಕಲ್ಲು ಒಡೆಯಲು ಬಿಡಬೇಡಿ.

ಹಾಗಾದರೆ ನಮ್ಮ ಗುಡ್ಡ? ಹೆದರಬೇಕಿಲ್ಲ, ನಮ್ಮ ಕಡೆ ಈಗ ಜೀವಂತ ಬೆಂಕಿಗುಡ್ಡವಿಲ್ಲ. ಭಾರತದಲ್ಲಿ ಇರೋದು ಅಂಡಮಾನಿನ ಬ್ಯಾರೆನ್ ದ್ವೀಪದಲ್ಲಿ. ಅದು 1991ರಲ್ಲಿ ಎಚ್ಚರಗೊಂಡು, ಆಮೇಲೂ ಹಲವು ಸಲ ಉಕ್ಕಿದೆ.

ರೈತರಿಗೆ ಇದರಿಂದೇನು? ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎರೆಭೂಮಿ ಬಹುಪಾಲು ಇಂಥ ಕಲ್ಲಿಂದಲೇ ಆದದ್ದು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಆರಿತು. ಆ ಕಲ್ಲು ಬಿಸಿಲು ಮಳೆಗೆ ಸವೆದು ಮಣ್ಣಾಯಿತು. ಕೆಂಪಿರಲಿ, ಎರೆಯಿರಲಿ, ಕಲ್ಲು ಒಂದಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಬದು ಇಲ್ಲದ ಇಳಿಜಾರಿನ ಹೊಲದಲ್ಲಿ ನಾಲ್ಕಾರು ಜೋರು ಮಳೆ ಸಾಕು, ಅದು ಹಳ್ಳ ಸೇರಲು. ಮಕ್ಕಳಿಗೆ ಬೆಂಕಿಗುಡ್ಡದ ಪಾಠ ಹೇಳಿದ ಮೇಲೆ, ಒಡೆದ ಬದು ಕಟ್ಟೋವಾಗ ಅವರ ಕೈಗೂ ಒಂದು ಪುಟ್ಟಿ ಮಣ್ಣು ಕೊಡಿ.